ಸುರಂಜನ್ ದಾಸ್: ರಸ್ತೆಯ ಹೆಸರಾಗಿ ಉಳಿದ ಪೈಲಟ್

ವೈಟ್‌ಫೀಲ್ಡ್ ಕಡೆಗೆ ಹೋಗೋರು ಎಚ್‌ಎಎಲ್ ಹತ್ತಿರ ದಿನಾ ಟ್ರಾಫಿಕ್ ಬೈಯುವ ಸುರಂಜನ್ ದಾಸ್ ರಸ್ತೆಗೆ ಆ ಹೆಸರು ಬಂದದ್ದು ಒಬ್ಬ ಟೆಸ್ಟ್ ಪೈಲಟ್‌ನಿಂದ.

ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಆರ್. ದಾಸ್ ಅವರ ಮಗ ಸುರಂಜನ್. ವಾಯುಪಡೆ ಸೇರಿದ ಅವರು ಇಂಗ್ಲೆಂಡಿನಲ್ಲಿ ಪರೀಕ್ಷಾ ಹಾರಾಟದ ತರಬೇತಿ ಪಡೆದರು. ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನ ವಿನ್ಯಾಸ ಮಾಡುತ್ತಿದ್ದಾಗ, ಮೊದಲು ಅದೇ ಅಳತೆಯ ಮರದ ಗ್ಲೈಡರ್ ತಯಾರಾಯಿತು. ಎಂಜಿನ್ ಇಲ್ಲ. ಡಕೋಟಾ ವಿಮಾನ ಅದನ್ನು ಎಳೆದು ಮೇಲೊಯ್ದು ಬಿಡಬೇಕು. 1959ರಲ್ಲಿ ಅದನ್ನು ಹಾರಿಸಿದವರು ದಾಸ್. 1961ರ ಜೂನ್‌ನಲ್ಲಿ ಮಾರುತ್ ಮೊದಲ ಸಲ ಬಾನಿಗೇರಿದಾಗಲೂ ಒಳಗಿದ್ದವರು ಅವರೇ. ಇನ್ನೂ ಬಲವಾದ ಎಂಜಿನ್ ಹಾಕಿದ ಮಾರುತ್ ಪರೀಕ್ಷಿಸುವಾಗ, 1970ರ ಜನವರಿ 10ರಂದು, ಅಪಘಾತದಲ್ಲಿ ತೀರಿಕೊಂಡರು. ಮರಣೋತ್ತರವಾಗಿ ಪದ್ಮಭೂಷಣ ಬಂತು.

ಕಾಕ್‌ಪಿಟ್‌ನಲ್ಲಿ ಒಬ್ಬರೇ ಇದ್ದರೂ ಆ ಕೆಲಸ ಒಬ್ಬರದಲ್ಲ. ಎಳೆಯುವವರು, ನೆಲದ ಎಂಜಿನಿಯರ್‌ಗಳು, ಹಾರುವವರು ಕಂಡದ್ದನ್ನು ಮುಚ್ಚಿಡದೆ ಹೇಳಿಕೊಂಡರಷ್ಟೇ ವಿಮಾನ ಸುಧಾರಿಸುತ್ತದೆ.

ದಾಸ್ ಹೋಗಿ 20 ವರ್ಷಕ್ಕೆ, 1990ರ ಫೆಬ್ರವರಿ 14ರಂದು, ಅದೇ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಇಂಡಿಯನ್ ಏರ್‌ಲೈನ್ಸ್‌ನ ಎ320 ಬಿತ್ತು. 92 ಜನ ಸತ್ತರು. ವೇಗ ಕುಸಿಯುತ್ತಿದ್ದುದು ಪೈಲಟ್‌ಗಳಿಬ್ಬರಿಗೂ ತಡವಾಗಿ ಗೊತ್ತಾಯಿತು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ತರಬೇತಿ ಹುಟ್ಟಿದ್ದೇ ಇದಕ್ಕೆ: ಒಬ್ಬರು ಹಾರಿಸಿದರೆ ಇನ್ನೊಬ್ಬರು ಗಮನಿಸಬೇಕು, ಕಿರಿಯರು ಹೆದರದೆ ಬಾಯಿಬಿಡಬೇಕು, ಹಿರಿಯರು ಕೇಳಬೇಕು. 'ಸಾರ್' ಅನ್ನದೆ ಮಾತೇ ಶುರುವಾಗದ ನಮ್ಮಲ್ಲಿ ಇದನ್ನು ವರ್ಷಕ್ಕೊಂದು ಪಾಠ ಅಂತ ಮುಗಿಸಿದರೆ ಸಾಲದು. ಸಿಮ್ಯುಲೇಟರ್‌ನಲ್ಲಿ ಹಿರಿಯರನ್ನು ತಡೆದು ಅಭ್ಯಾಸವಾಗಬೇಕು.