ಪೀಟರ್ ಮೆಡವಾರ್ ಮತ್ತು ನಮ್ಮ ನಾನಿಯ ಪ್ರಶ್ನೆ

ನಾನು ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನದ ಬಗ್ಗೆ ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ. ಕಳೆದ ವರ್ಷ ನಮ್ಮ ಮಾಮುಗೆ ಖಾಲಾ ಒಂದು ಕಿಡ್ನಿ ಕೊಟ್ಟರು. ಐದು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಮಾಮು, ಈಗ ಚೆನ್ನಾಗಿದ್ದೇನಲ್ಲ ಎಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಕಾಲು ಊದಿತು, ಕ್ರಿಯಾಟಿನಿನ್ ಏರಿತು, ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ತನ್ನ ಕಿಡ್ನಿಯೇ ಸರಿ ಇಲ್ಲವೇನೋ ಎಂದು ಖಾಲಾ ಅತ್ತರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರದ್ದನ್ನು ದೇಹ ಯಾಕೆ ಬೇಡ ಅನ್ನುತ್ತದೆ ಎಂದು ನಾನಿ ನನ್ನನ್ನು ಕೇಳಿದರು. ಕಾಲೇಜಿಗೆ ಹೋಗುವವಳು ನಾನೊಬ್ಬಳೇ ಅಲ್ಲವೇ! ನಾನು ಬಯಾಲಜಿ ಮೇಡಂ ಅವರನ್ನು ಕೇಳಿದೆ. ಅವರು ಹೇಳಿದ ಹೆಸರು ಪೀಟರ್ ಮೆಡವಾರ್.

ಮೆಡವಾರ್ 1915ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದರು. ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲೆಂಡಿನವರು. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಪ್ರಾಣಿಶಾಸ್ತ್ರ, ವೈದ್ಯಕೀಯವಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಅವರ ಮನೆಯ ಹತ್ತಿರವೇ ಒಂದು ವಿಮಾನ ಬಿತ್ತು. ಮೈಯೆಲ್ಲ ಸುಟ್ಟಿದ್ದ ಯುವ ವೈಮಾನಿಕನಿಗೆ ಏನು ಮಾಡಬಹುದು ಎಂದು ಯೋಚಿಸುತ್ತಲೇ ಅವರು ಚರ್ಮ ಕಸಿಯ ಕೆಲಸಕ್ಕೆ ಇಳಿದರು.

ಮುಂದೆ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಥಾಮಸ್ ಗಿಬ್ಸನ್ ಎಂಬ ಸರ್ಜನ್ ಜೊತೆ ಸುಟ್ಟ ಗಾಯದ ಒಬ್ಬ ಯುವತಿಯನ್ನು ನೋಡಿದರು. ಅವಳದೇ ಚರ್ಮದ ತುಂಡುಗಳನ್ನೂ ಅವಳ ಸಹೋದರನ ಚರ್ಮದ ತುಂಡುಗಳನ್ನೂ ಗಾಯದ ಮೇಲೆ ಇಟ್ಟರು. ಅವಳದು ಅಂಟಿಕೊಂಡಿತು. ಸಹೋದರನದು ಕೆಲವು ದಿನ ಇದ್ದು ಹಾಳಾಯಿತು. ಅವನದನ್ನೇ ಎರಡನೇ ಸಲ ಇಟ್ಟಾಗ ಇನ್ನೂ ಬೇಗ ಹಾಳಾಯಿತು. ಅಂದರೆ ರೋಗಾಣುವನ್ನು ನೆನಪಿಡುವಂತೆ ದೇಹ ಅದನ್ನೂ ನೆನಪಿಟ್ಟುಕೊಂಡಿತ್ತು. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಇದನ್ನು ಓದಿದಾಗ ನನಗೆ ಮಾಮು ಮತ್ತು ಖಾಲಾ ಕಣ್ಣ ಮುಂದೆ ಬಂದರು.

ಮೆಡವಾರ್ ಮೊಲಗಳ ಮೇಲೆ ಪರೀಕ್ಷಿಸಿದಾಗ ಕಸಿ ಮಾಡಿದ ಜಾಗ ಊದಿ, ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತಿದ್ದವು. ಅವುಗಳನ್ನು ಕರೆಯುವ ಸಂದೇಶಗಳನ್ನು ನಂತರದ ವಿಜ್ಞಾನಿಗಳು ಕಂಡುಹಿಡಿದರು. ಅವೇ ಸೈಟೋಕೈನ್‌ಗಳು. ಅವುಗಳಲ್ಲಿ ಇಂಟರ್‌ಲ್ಯೂಕಿನ್-2 ಎಂಬುದು ಟಿ-ಕಣಗಳಿಗೆ ಸಂಖ್ಯೆ ಹೆಚ್ಚಿಸಿಕೊಳ್ಳಿ ಎಂದು ಹೇಳುತ್ತದೆ. ಮಾಮು ಬಿಟ್ಟಿದ್ದ ಟ್ಯಾಕ್ರೋಲಿಮಸ್ ಮಾತ್ರೆ ಈ ಸಂದೇಶ ತಯಾರಾಗುವುದನ್ನೇ ತಡೆಯುತ್ತದೆ. ಕಾಮರ್ಸ್‌ನವಳಾಗಿ ಹೇಳುವುದಾದರೆ, ದೇಹದ ಲೆಡ್ಜರ್‌ನಲ್ಲಿ ಹಳೆಯ ಎಂಟ್ರಿ ಅಳಿಸಿರುವುದಿಲ್ಲ.

1953ರಲ್ಲಿ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಜೊತೆ ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. ತಾಯಿಯ ಗರ್ಭದಲ್ಲಿದ್ದ ಇಲಿಮರಿಗಳಿಗೆ ಬೇರೆ ತಳಿಯ ಇಲಿಯ ಜೀವಕೋಶ ಚುಚ್ಚಿದರು. ಬೆಳೆದ ಮೇಲೆ ಅವು ಆ ತಳಿಯ ಚರ್ಮವನ್ನು ಒಪ್ಪಿಕೊಂಡವು. 1960ರಲ್ಲಿ ಬರ್ನೆಟ್ ಅವರೊಂದಿಗೆ ನೊಬೆಲ್ ಬಂತು. ಮೆಡವಾರ್ ತಮಗೆ ಬಂದ ಹಣವನ್ನು ಆ ಇಬ್ಬರು ಜೊತೆಗಾರರಿಗೂ ಹಂಚಿದರು. ಅವರ ಜೀವನದಲ್ಲಿ ನನಗೆ ಇಷ್ಟವಾದ ವಿಷಯ ಇದು. 1969ರಲ್ಲಿ ಪಾರ್ಶ್ವವಾಯು ಹೊಡೆದರೂ ಕೆಲಸ, ಬರವಣಿಗೆ ಬಿಡಲಿಲ್ಲ. 1987ರಲ್ಲಿ ತೀರಿಕೊಂಡರು.

ಗ್ಲಾಸ್ಗೋದ ಅಕ್ಕ-ತಮ್ಮನಂಥವರ ಈ ಕಥೆಯನ್ನು ನಾನು ನಾನಿಗೂ ಖಾಲಾಗೂ ಉರ್ದುವಿನಲ್ಲಿ ಹೇಳಿದೆ. ಮಾಮು ಮನೆಗೆ ಬಂದಿದ್ದಾರೆ. ಕಿಡ್ನಿ ಉಳಿದಿದೆ, ಆದರೆ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ. ಈಗ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಖಾಲಾ ಫೋನ್ ಮಾಡುತ್ತಾರೆ. ಮಾಮು ಮಾತ್ರೆ ನುಂಗುವವರೆಗೂ ಫೋನ್ ಇಡುವುದಿಲ್ಲ.