ಚಂದ್ರನ ಮಣ್ಣಲ್ಲಿ ಊರು ಕಟ್ಟಲು ಹೊರಟ ಮೇಷ್ಟ್ರು

ಮನೆ ಕಟ್ಟಿಸಿದವರಿಗೆ ಗೊತ್ತು, ಮರಳು-ಜಲ್ಲಿ ದೂರದಿಂದ ತರಿಸಿದರೆ ಲಾರಿ ಬಾಡಿಗೆಯೇ ಜೇಬು ಸುಡುತ್ತೆ. ಬಾಹ್ಯಾಕಾಶದಲ್ಲಿ ಕಟ್ಟೋದಕ್ಕೂ ಇದೇ ಲೆಕ್ಕ ಅಂತ ಐವತ್ತು ವರ್ಷಗಳ ಹಿಂದೆಯೇ ಹಟ ಹಿಡಿದು ವಾದಿಸಿದವರು ಅಮೆರಿಕದ ಭೌತವಿಜ್ಞಾನಿ ಜೆರಾರ್ಡ್ ಓನೀಲ್.

1927ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಓನೀಲ್ ನೌಕಾಪಡೆಯಲ್ಲಿ ರಾಡಾರ್ ತಂತ್ರಜ್ಞರಾಗಿದ್ದರು. 1954ರಲ್ಲಿ ಕಾರ್ನೆಲ್‌ನಿಂದ ಡಾಕ್ಟರೇಟ್ ಪಡೆದು ಪ್ರಿನ್ಸ್‌ಟನ್‌ನಲ್ಲಿ ಮೇಷ್ಟ್ರಾದರು. ಕಣಗಳನ್ನು ಉಂಗುರದೊಳಗೆ ಸುತ್ತಿಸುತ್ತಾ ಕೂಡಿಡುವ ‘ಸ್ಟೋರೇಜ್ ರಿಂಗ್’ ಕಲ್ಪನೆ ಹೆಸರು ತಂದುಕೊಟ್ಟಿತು. ಗಗನಯಾತ್ರಿಯಾಗಲು ನಾಸಾಗೆ ಅರ್ಜಿ ಹಾಕಿದರೂ ಆಯ್ಕೆಯಾಗಲಿಲ್ಲ.

1969, ಮನುಷ್ಯ ಚಂದ್ರನ ಮೇಲಿಳಿದ ವರ್ಷ. ಬೆಳೆಯುತ್ತಿರುವ ಕೈಗಾರಿಕೆಗೆ ಭೂಮಿಯ ನೆಲವೇ ಸರಿಯಾದ ಜಾಗವಾ ಅಂತ ವಿದ್ಯಾರ್ಥಿಗಳ ಮುಂದೆ ಪ್ರಶ್ನೆ ಇಟ್ಟರು. ಆ ಪ್ರಶ್ನೆ ಅವರನ್ನೇ ಬಿಡಲಿಲ್ಲ. ಭೂಮಿಯ ಸೆಳೆತದಿಂದ ಪಾರಾಗಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು, ಚಂದ್ರನಿಂದ 2.4 ಸಾಕು. ಶಕ್ತಿಯ ಲೆಕ್ಕದಲ್ಲಿ ಇದು ಇಪ್ಪತ್ತು ಪಟ್ಟಿಗೂ ಹೆಚ್ಚು ಅಗ್ಗ. ಅಪೊಲೊ ತಂದ ಮಣ್ಣಿನಲ್ಲಿ ತೂಕದ ಶೇ. 40ಕ್ಕೂ ಹೆಚ್ಚು ಆಮ್ಲಜನಕ, ಜೊತೆಗೆ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂ. ಅಂದರೆ ಗಾಜಿಗೂ ಲೋಹಕ್ಕೂ ಬೇಕಾದ ಸರಕು ಅಲ್ಲೇ ಬಿದ್ದಿದೆ.

ಈ ಲೇಖನವನ್ನು ಪತ್ರಿಕೆಗಳು ವರ್ಷಗಟ್ಟಲೆ ವಾಪಸ್ ಕಳಿಸಿದವು. ಕೊನೆಗೆ 1974ರಲ್ಲಿ ‘ಫಿಸಿಕ್ಸ್ ಟುಡೇ’ ಅಚ್ಚು ಹಾಕಿತು. ಓನೀಲ್ ಸುಮ್ಮನೆ ಕೂರಲಿಲ್ಲ. ಎಂಐಟಿಯ ಹೆನ್ರಿ ಕೋಲ್ಮ್ ಜೊತೆ ಸೇರಿ, ಚಂದ್ರನ ಮಣ್ಣನ್ನು ವಿದ್ಯುತ್ಕಾಂತ ಬಲದಿಂದ ಆಕಾಶಕ್ಕೆ ಚಿಮ್ಮಿಸಬಲ್ಲ ‘ಮಾಸ್ ಡ್ರೈವರ್’ನ ಮಾದರಿ ಕಟ್ಟಿ ತೋರಿಸಿದರು. 1977ರಲ್ಲಿ ಸ್ಪೇಸ್ ಸ್ಟಡೀಸ್ ಇನ್‌ಸ್ಟಿಟ್ಯೂಟ್ ಹುಟ್ಟುಹಾಕಿದರು.

ಅವರು ಎಡವಿದ್ದೂ ಲೆಕ್ಕದಲ್ಲೇ. ಸ್ಪೇಸ್ ಶಟಲ್‌ನಿಂದ ಬಾಹ್ಯಾಕಾಶದ ಪಯಣ ಅಗ್ಗವಾಗುತ್ತೆ ಅಂತ ನಂಬಿದ್ದರು, ಆಗಲಿಲ್ಲ. ಸೆನೆಟರ್ ಪ್ರಾಕ್ಸ್‌ಮೈರ್ ಅಂಥವರು ಸರ್ಕಾರದ ಕಾಸು ಕೊಡಲು ಒಪ್ಪಲಿಲ್ಲ. 1985ರಲ್ಲಿ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ಏಳು ವರ್ಷ ಅದರ ಜೊತೆ ಹೆಣಗಿ, 1992ರ ಏಪ್ರಿಲ್ 27ರಂದು ತೀರಿಕೊಂಡರು.

ಅವರ ಮೂಲ ಲೆಕ್ಕ ಮಾತ್ರ ಸಾಯಲಿಲ್ಲ. 2020ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ಇಸ್ರೋ ವಿಜ್ಞಾನಿಗಳು ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿದರು.

ಇಟ್ಟಿಗೆ ಏನೋ ಆಯ್ತು. ಆದರೆ ಮಣ್ಣು ಯಾರದು? ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ ಅನ್ನುತ್ತೆ 1967ರ ಒಪ್ಪಂದ. ಅಲ್ಲಿ ಅಗೆದದ್ದು ಅಗೆದವರಿಗೇ ಅನ್ನುತ್ತೆ ಅಮೆರಿಕದ 2015ರ ಕಾನೂನು. ಓನೀಲ್ ಚಂದ್ರನತ್ತ ನೋಡಿದ್ದು ಭೂಮಿಯ ಭಾರ ಇಳಿಸಲು. ಇಲ್ಲಿನ ಮರಳು ದಂಧೆ ಕಂಡಿರುವ ನಾವು, ಅಲ್ಲಿಗೂ ಅದೇ ಚಾಳಿ ಹೊತ್ತೊಯ್ಯದಂತೆ ಈಗಲೇ ಮಾತಾಡಬೇಕಲ್ಲವಾ?