ಡಾ. ರೊನಾಲ್ಡ್ ರಾಸ್ (1857–1932)

ಮಲೇರಿಯಾ ರೋಗಾಣುವು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆಂಬುದನ್ನು ಕಂಡುಹಿಡಿದ ಡಾ. ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಇಂದಿನ ಉತ್ತರಾಖಂಡದ ಅಲ್ಮೋರಾದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಲಾರ್ವಾಗಳನ್ನು ಕಂಡು ಅದನ್ನು ಬರಿದು ಮಾಡಿದೊಡನೆ ಕಾಟ ತಗ್ಗಿತು. ಅಧಿಕಾರಿಗಳ ಭೋಜನಗೃಹದ ಹೂದಾನಿ, ಡಬ್ಬಿಗಳ ನೀರನ್ನೂ ಚೆಲ್ಲಿಸಬೇಕೆಂದು ಅವರು ಸೂಚಿಸಿದಾಗ, ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂದು ಸಂಬಂಧಪಟ್ಟ ಅಧಿಕಾರಿ ನಿರಾಕರಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಸ್ವತಃ ರಾಸ್ ಅವರಿಗೂ ತಿಳಿದಿರಲಿಲ್ಲ.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಕ್ತದಲ್ಲಿನ ಮಲೇರಿಯಾ ರೋಗಾಣುವನ್ನು ರಾಸ್ ಅವರಿಗೆ ತೋರಿಸಿದರು. (ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನಡೆಸುವ ಮಲೇರಿಯಾ ರಕ್ತಪರೀಕ್ಷೆಯಲ್ಲಿ ಹುಡುಕುವುದೂ ಇದನ್ನೇ.) 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದ ಭಿತ್ತಿಯಲ್ಲಿ ಅವರು ಆ ರೋಗಾಣುವನ್ನು ಕಂಡರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಪಡೆದ ಆ ರೋಗಿಯ ಹೆಸರೂ ಈ ಶೋಧದೊಂದಿಗೆ ಸ್ಮರಣೀಯ. ಮರುವರ್ಷ ಕಲ್ಕತ್ತೆಯಲ್ಲಿ, ಪಕ್ಷಿಗಳ ಮಲೇರಿಯಾ ಸೊಳ್ಳೆಯ ಲಾಲಾಗ್ರಂಥಿಯ ಮೂಲಕ ಹರಡುವುದನ್ನು ರುಜುವಾತುಪಡಿಸಿದರು. ಮನುಷ್ಯರಲ್ಲಿ ಅದನ್ನು ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. ಶ್ರೇಯಸ್ಸು ಯಾರಿಗೆಂಬ ಬಗ್ಗೆ ಇಬ್ಬರ ನಡುವೆ ಕಹಿಯಾದ ವಿವಾದ ಬಹುಕಾಲ ನಡೆಯಿತು. 1902ರ ನೊಬೆಲ್ ಪ್ರಶಸ್ತಿ ರಾಸ್ ಅವರಿಗೆ ಸಂದಿತು.

ಸೊಳ್ಳೆಯು ಮನುಷ್ಯನನ್ನು ಹುಡುಕುವ ಬಗೆಯನ್ನು ಅನ್ಯರು ಶೋಧಿಸಿದರು. ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಬಿಸಿನೀರು ತುಂಬಿದ ಗಾಜಿನ ನಳಿಕೆಯತ್ತಲೂ ಅದು ಬರುತ್ತದೆಂಬುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಹೌಲೆಟ್ 1910ರಲ್ಲಿ ಪ್ರಕಟಿಸಿದರು. ದೂರದಿಂದ ಉಸಿರಿನ ಇಂಗಾಲದ ಡೈಆಕ್ಸೈಡ್, ಬಳಿಕ ಮೈವಾಸನೆ, ಸಮೀಪದಲ್ಲಿ ಮೈಬಿಸಿ ಅದಕ್ಕೆ ದಾರಿ ತೋರುತ್ತವೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಚರ್ಮದಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಕುಡಿಮೀಸೆಯ ತುದಿಯಿಂದ ಸುಮಾರು 70 ಸೆಂ.ಮೀ. ದೂರದವರೆಗೆ ಗ್ರಹಿಸಬಲ್ಲದೆಂದು 2024ರಲ್ಲಿ ತಿಳಿದುಬಂದಿತು. ಆದರೆ ಉಸಿರು ಮತ್ತು ವಾಸನೆಯ ಸುಳಿವು ಜೊತೆಗಿಲ್ಲದಿದ್ದರೆ ಕೇವಲ ಆ ಕಿರಣಗಳಿಗೆ ಅದು ಆಕರ್ಷಿತವಾಗದು.

ಮೈಬಿಸಿಯನ್ನು ಮರೆಮಾಚುವುದು ಕಷ್ಟಸಾಧ್ಯ. ನಿಂತ ನೀರನ್ನು ಚೆಲ್ಲುವುದು ಸುಲಭ. ಬೆಂಗಳೂರಿನಲ್ಲಿ ತಿರಸ್ಕೃತವಾದ ಆ ಸಲಹೆಯನ್ನೇ ರಾಸ್ ಅವರು ಮುಂದೆ ಅನೇಕ ದೇಶಗಳಲ್ಲಿ ನೀಡಿದರು. ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ 1902ರಿಂದ ಅದು ಜಾರಿಗೆ ಬಂದು, ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹುಮಟ್ಟಿಗೆ ಇಳಿಯಿತು. ಶ್ರೀಯುತರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.